ರೈಲಲ್ಲಿ ಹೋಗಿ, ಪೆಡಲ್ ತುಳಿದು ಮನೆಗೆ ಬರೋದು: ದೂರದ ಸೈಕಲ್ ಪ್ರವಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸೈಕಲ್ ನಿಲ್ಲಿಸಿ ಟೀ ಕುಡಿಯುವಾಗ, ಫೋನಿನಲ್ಲಿ, ಪತ್ರಗಳಲ್ಲಿ ಜನ ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಪ್ರಶ್ನೆಗಳನ್ನು ಆದಷ್ಟೂ ಅವರು ಕೇಳಿದ ಹಾಗೇ ಇಟ್ಟಿದ್ದೇನೆ. ಹೊಸಬರು ಮೇಲಿನಿಂದ ಓದಿ. ದಾರಿ, ಸಾಮಾನು ಎಲ್ಲ ಗೊತ್ತಿದ್ದು ರೈಲಿನದೇ ಚಿಂತೆ ಅನ್ನುವವರು ನೇರ ಆ ಭಾಗಕ್ಕೆ ಹೋಗಬಹುದು.

## ಮೊದಲ ಸಲ ಹೊರಡುವವರಿಗೆ

ಭಾನುವಾರ 30 ಕಿ.ಮೀ. ಹೊಡೀತೀನಿ. ಐದು ದಿನದ ಟೂರ್ ನನ್ನ ಕೈಲಿ ಆಗುತ್ತಾ?

ಆಗುತ್ತೆ. ಒಂದು ದಿನ 100 ಕಿ.ಮೀ. ಹೊಡೆಯುವುದಕ್ಕೂ ಐದು ದಿನ ದಿನಕ್ಕೆ 60 ಹೊಡೆಯುವುದಕ್ಕೂ ಬೇರೆ ಬೇರೆ ಶಕ್ತಿ ಬೇಕು. ಟೂರ್‌ನಲ್ಲಿ ಕಾಡುವುದು ಕಾಲಲ್ಲ. ಕೂರುವ ಜಾಗ, ಅಂಗೈ, ಕುತ್ತಿಗೆ. ಇವು ಎರಡನೇ ದಿನ ಬೆಳಿಗ್ಗೆ ಬಾಯಿಬಿಡುತ್ತವೆ.

ಅದಕ್ಕೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಒಂದು ಶನಿವಾರ, ಟೂರ್‌ಗೆ ಒಯ್ಯುವ ಪೂರ್ತಿ ಸಾಮಾನು ಕಟ್ಟಿಕೊಂಡು 50 ಕಿ.ಮೀ. ಹೋಗಿ. ಅಲ್ಲೇ ಉಳಿದು ಭಾನುವಾರ ವಾಪಸ್ ಬನ್ನಿ. ಸೋಮವಾರ ಮತ್ತೆ ಸೈಕಲ್ ಹತ್ತಬೇಕು ಅನ್ನಿಸಿದರೆ ನೀವು ತಯಾರು. ಬೇಡಪ್ಪಾ ಅನ್ನಿಸಿದರೆ ಸೀಟಿನ ಎತ್ತರ, ಹ್ಯಾಂಡಲ್‌ನ ದೂರ ಸರಿಮಾಡಿಸಿಕೊಂಡು ಇನ್ನೊಮ್ಮೆ ನೋಡಿ. ಮೊದಲ ಟೂರ್‌ನಲ್ಲಿ ದಿನಕ್ಕೆ 60–70 ಸಾಕು. ಮಧ್ಯಾಹ್ನ ಎರಡಕ್ಕೆಲ್ಲ ಊರು ಸೇರಿ, ಸ್ನಾನ ಮಾಡಿ, ಊರು ನೋಡೋಕೂ ಹೊತ್ತು ಸಿಗುತ್ತೆ.

ಗೇರ್ ಇಲ್ಲದ ಸೈಕಲ್ ಇದೆ. ಹೊಸದು ತಗೊಳ್ಳಲೇಬೇಕಾ?

ಬಯಲುಸೀಮೆಗೆ ಬೇಡ, ಇರುವುದರಲ್ಲೇ ಹೊರಡಿ. ಘಾಟಿ ಹತ್ತುವ ಯೋಚನೆ ಇದ್ದರೆ ಗೇರ್ ಬೇಕು. ಚೈನ್ ಕೂರುವ ಹಲ್ಲುಚಕ್ರಗಳಲ್ಲಿ ಮುಂದಿನ ಸಣ್ಣದರಷ್ಟೇ ಹಲ್ಲುಗಳು ಹಿಂದಿನ ದೊಡ್ಡದರಲ್ಲೂ ಇರಬೇಕು, ಅಥವಾ ಇನ್ನೂ ಜಾಸ್ತಿ. ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ಇದನ್ನು ಎಣಿಸಿ. ಟೈರ್ 32 ರಿಂದ 38 ಮಿ.ಮೀ. ಅಗಲ, ಹಿಂದೆ ಕ್ಯಾರಿಯರ್ ಕೂರಿಸಲು ಫ್ರೇಮಿನಲ್ಲಿ ತೂತುಗಳು. ಇಷ್ಟಿದ್ದರೆ ಉಳಿದದ್ದೆಲ್ಲ ನಿಮ್ಮ ಜೇಬಿಗೆ ಬಿಟ್ಟದ್ದು.

ಯಾವ ತಿಂಗಳು ಒಳ್ಳೇದು?

ನವೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗೆ ಕರ್ನಾಟಕದಲ್ಲಿ ಎಲ್ಲಿಗೆ ಬೇಕಾದರೂ ಹೋಗಿ. ಏಪ್ರಿಲ್, ಮೇನಲ್ಲಿ ಉತ್ತರ ಕರ್ನಾಟಕದ ಕಡೆ ತಲೆ ಹಾಕಬೇಡಿ. ಜೂನ್‌ನಿಂದ ಸೆಪ್ಟೆಂಬರ್ ಘಾಟಿ ಮತ್ತು ಕರಾವಳಿ ಬೇಡ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಮಳೆಯಲ್ಲಿ ನೆನೆಯುವ ಭಯದಿಂದಲ್ಲ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ ಮೇಲೇ ಗುಡ್ಡ ಕುಸಿಯಿತು. ರಸ್ತೆ ಬದಿ ಟೀ ಅಂಗಡಿಯೇ ಮಣ್ಣಿನಡಿ ಹೋಯಿತು. ಸೈಕಲ್‌ನವರು ನಿಲ್ಲುವುದೇ ಅಂಥ ಜಾಗದಲ್ಲಿ ಅಲ್ವಾ?

ಗಾಳಿಯನ್ನೂ ನೋಡಿ. ಮಳೆಗಾಲದಲ್ಲಿ ಪಶ್ಚಿಮ, ನೈಋತ್ಯದಿಂದ ಜೋರು ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಆಗ ಪಶ್ಚಿಮಕ್ಕೆ ಹೊರಟರೆ ಬಯಲಿನಲ್ಲೂ ಘಾಟಿ ಹತ್ತಿದ ಹಾಗೇ. ಚಳಿಗಾಲದಲ್ಲಿ ಒಳನಾಡಿನ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ, ಅದೂ ಮೆಲ್ಲಗೆ.

## ದಾರಿ

ಮನೆಯಿಂದ ಸೈಕಲ್‌ನಲ್ಲಿ ಹೊರಟು ರೈಲಲ್ಲಿ ವಾಪಸ್ ಬರೋದಾ? ಉಲ್ಟಾನಾ?

ಉಲ್ಟಾ. ಈ ಪುಟದಲ್ಲಿ ಒಂದೇ ಮಾತು ನೆನಪಿಡೋದಾದರೆ ಇದನ್ನು ನೆನಪಿಡಿ. ರೈಲಲ್ಲಿ ದೂರ ಹೋಗಿ, ಅಲ್ಲಿಂದ ಮನೆ ಕಡೆಗೆ ಪೆಡಲ್ ತುಳಿಯಿರಿ.

ಹೊರಡುವಾಗ ಸೈಕಲ್ ಪ್ಯಾಕ್ ಮಾಡಲು ನಿಮ್ಮ ಮನೆ ಇದೆ, ಹಳೇ ರಟ್ಟು ಇದೆ, ಗೊತ್ತಿರುವ ಮೆಕ್ಯಾನಿಕ್ ಇದ್ದಾನೆ, ನಿಮ್ಮೂರಿನ ದೊಡ್ಡ ನಿಲ್ದಾಣ ಇದೆ. ಸೈಕಲ್ ಒಂದು ದಿನ ತಡವಾದರೆ ಆ ಊರಲ್ಲಿ ಒಂದು ದಿನ ಕಳೆದರಾಯಿತು. ಅದೇ ಕೊನೆಗೆ ರೈಲು ಇಟ್ಟುಕೊಂಡರೆ, ಗೊತ್ತಿಲ್ಲದ ಊರು, ಮಣ್ಣು ಮೆತ್ತಿದ ಸೈಕಲ್, ದಣಿದ ಮೈ, ಮರುದಿನ ಆಫೀಸು. ಪಾರ್ಸೆಲ್ ಕೌಂಟರ್ ಮುಚ್ಚಿದೆ ಅಂದರೆ ಕಣ್ಣಲ್ಲಿ ನೀರೇ ಬರುತ್ತೆ. ಇನ್ನೊಂದು ಕಷ್ಟ: ಕಾಯ್ದಿರಿಸಿದ ಟಿಕೆಟ್‌ನ ದಿನಕ್ಕೆ ಮುಟ್ಟಬೇಕು ಅಂತ ಕೊನೆಯ ಎರಡು ದಿನ ಓಡುತ್ತೀರಿ. ಮನೆಗೆ ಬರುವವರಿಗೆ ಆ ಓಟ ಇಲ್ಲ. ಒಂದು ದಿನ ತಡವಾದರೆ ಮನೆಗೆ ಒಂದು ಫೋನ್ ಮಾಡಿದರಾಯಿತು.

ಮೈಲಿಗಲ್ಲುಗಳ ಮೇಲೆ ನಿಮ್ಮೂರಿನ ಹೆಸರು ಕಾಣಿಸಿಕೊಂಡು, ಅದರ ಕೆಳಗಿನ ಅಂಕಿ ದಿನಾ ಸಣ್ಣದಾಗುತ್ತಾ ಬರೋದನ್ನು ನೋಡಬೇಕು ನೀವು.

ಬೆಂಗಳೂರಿನವರಿಗೆ ಮೊದಲ ಟೂರ್‌ಗೆ ಒಂದು ಒಳ್ಳೇ ದಾರಿ ಹೇಳಿ.

ಹೊಸಪೇಟೆಯಿಂದ ಬೆಂಗಳೂರು. ಸುಮಾರು 340 ಕಿ.ಮೀ., ಆರು ದಿನ ಇಟ್ಟುಕೊಳ್ಳಿ. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹೊರಟು ಬೆಳಿಗ್ಗೆ ಹೊಸಪೇಟೆ ಮುಟ್ಟಿಸುತ್ತೆ. ಆ ದಿನ ಸೈಕಲ್ ಜೋಡಿಸಿ, ಖಾಲಿ ಸೈಕಲ್‌ನಲ್ಲಿ ಹಂಪಿ ಸುತ್ತಿ. ಎಲ್ಲ ನಟ್ಟು ಸರಿ ಇದೆಯಾ ಅನ್ನೋದಕ್ಕೆ ಇದಕ್ಕಿಂತ ಚೆಂದದ ಪರೀಕ್ಷೆ ಇಲ್ಲ.

ಎರಡನೇ ದಿನ ಕೂಡ್ಲಿಗಿ. ಮೂರನೇ ದಿನ ಚಿತ್ರದುರ್ಗ. ಇದು ಉದ್ದದ ದಿನ, 80 ಕಿ.ಮೀ. ಹತ್ತಿರ, ನೆರಳು ಕಡಿಮೆ. ಬೆಳಿಗ್ಗೆ ಆರಕ್ಕೇ ಬಿಡಿ. ನಾಲ್ಕನೇ ದಿನ ಬೆಳಿಗ್ಗೆ ಏಳು ಸುತ್ತಿನ ಕೋಟೆ ನೋಡಿ, ಸಂಜೆಗೆ 40 ಕಿ.ಮೀ. ದೂರದ ಹಿರಿಯೂರು. ಕೈಯಲ್ಲಿ ಇನ್ನೊಂದು ದಿನ ಇದ್ದರೆ ಹಿರಿಯೂರಿನ ಹತ್ತಿರದ ಮಾರಿಕಣಿವೆಗೆ ಹೋಗಿ ಬನ್ನಿ. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ ಅದು. 1933ರಲ್ಲಿ ಕೋಡಿ ಬಿದ್ದಿದ್ದ ಅಣೆಕಟ್ಟು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಐದನೇ ದಿನ ಶಿರಾ ದಾಟಿ ತುಮಕೂರು, ಸುಮಾರು 95. ಜಾಸ್ತಿ ಅನ್ನಿಸಿದರೆ ಶಿರಾದಲ್ಲೇ ಉಳಿಯಿರಿ. ಕೊನೆಯ ದಿನ ತುಮಕೂರಿನಲ್ಲಿ ತಿಂಡಿ ತಿನ್ನದೆ ಹೊರಡಿ. ಐದಾರು ಕಿ.ಮೀ.ಗೆ ಕ್ಯಾತ್ಸಂದ್ರ, ಅಲ್ಲಿ ತಟ್ಟೆ ಇಡ್ಲಿ.

ಕರಾವಳಿ ಉದ್ದಕ್ಕೂ ಹೋಗ್ಬೇಕು ಅಂತ ಆಸೆ. ಯಾವ ಕಡೆಯಿಂದ ಯಾವ ಕಡೆಗೆ?

ಕಾರವಾರದಿಂದ ಮಂಗಳೂರಿಗೆ. ಸುಮಾರು 270 ಕಿ.ಮೀ., ನಿಧಾನವಾಗಿ ಐದು ದಿನ. ಬೆಂಗಳೂರಿನಿಂದ ಕಾರವಾರಕ್ಕೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ.

ತೆಂಕಣಕ್ಕೆ ಯಾಕೆ ಅಂದರೆ ಗಾಳಿ. ಮಳೆಗಾಲ ಮುಗಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ವಾಯವ್ಯದಿಂದ ಬೀಸುತ್ತೆ. ತೆಂಕಣಕ್ಕೆ ಹೋಗುವವರ ಬೆನ್ನು ತಟ್ಟುತ್ತೆ, ಬಡಗಣಕ್ಕೆ ಹೋಗುವವರ ಎದೆಗೆ ಗುದ್ದುತ್ತೆ. ಬಡಗಣಕ್ಕೆ ಹೋದರೆ ಕಡಲು ನಿಮ್ಮ ಮಗ್ಗುಲಿಗೇ ಇರುತ್ತೆ ಅನ್ನೋದೊಂದು ಸುಖ, ನಾವು ಎಡಗಡೆ ಓಡಿಸುವವರಲ್ವಾ. ಆದರೂ ನಾನು ಗಾಳಿಯನ್ನೇ ಆರಿಸುತ್ತೇನೆ.

66ನೇ ರಾಷ್ಟ್ರೀಯ ಹೆದ್ದಾರಿಯನ್ನೇ ಹಿಡಿದು ಬರಬೇಡಿ, ಆದಷ್ಟೂ ಬಿಟ್ಟು ಬನ್ನಿ. ಗೋಕರ್ಣದಿಂದ ತದಡಿಗೆ ಬಂದರೆ ಅಘನಾಶಿನಿ ನದಿ ದಾಟಲು ದೋಣಿ ಸಿಗುತ್ತೆ, ಸೈಕಲ್ ಹತ್ತಿಸಿಕೊಳ್ಳುತ್ತಾರೆ. ಆಚೆ ದಡದಲ್ಲಿ ಅಘನಾಶಿನಿ ಊರು. ಅಲ್ಲಿಂದ ಸಣ್ಣ ರಸ್ತೆಯಲ್ಲಿ ಕುಮಟಾ. ಮರವಂತೆಯಲ್ಲಿ ಮಾತ್ರ ಹೆದ್ದಾರಿಯೇ ಬೇಕು. ಬಲಕ್ಕೆ ಅರಬ್ಬಿ ಸಮುದ್ರ, ಎಡಕ್ಕೆ ಸೌಪರ್ಣಿಕಾ, ನಡುವೆ ರಸ್ತೆ. ಅಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ನಡೆಯಿರಿ, ಬೇಗ ಮುಗಿದುಹೋಗುತ್ತೆ.

ಮಂಗಳೂರಿನವರಿಗೆ ಇದು ಮನೆಗೆ ಬರುವ ದಾರಿ. ಬೆಂಗಳೂರಿನವರು ಮಂಗಳೂರಿನಿಂದ ರೈಲು ಹಿಡಿಯಬೇಕು, ಇಲ್ಲಾ ಘಾಟಿ ಹತ್ತಬೇಕು.

ಘಾಟಿ ಹತ್ತೋದು ಸುಲಭಾನಾ, ಇಳಿಯೋದಾ?

ಹತ್ತುವುದು ಕಷ್ಟ, ಇಳಿಯುವುದು ಅಪಾಯ. ಭಾರ ಹೊತ್ತ ಸೈಕಲ್ ಇಳಿಜಾರಿನಲ್ಲಿ ನಿಮ್ಮ ಮಾತು ಕೇಳುವುದಿಲ್ಲ. ಬ್ರೇಕ್ ಹಿಡಿದೇ ಇಟ್ಟರೆ ರಿಮ್ ಕಾದು ಟ್ಯೂಬ್ ಒಡೆಯಬಹುದು. ಹಿಡಿಯಿರಿ, ಬಿಡಿ, ಹಿಡಿಯಿರಿ, ಬಿಡಿ. ಮೂರು ನಾಲ್ಕು ಕಿ.ಮೀ.ಗೊಮ್ಮೆ ನಿಂತು, ರಿಮ್ಮನ್ನು ಮುಟ್ಟದೆ ಹತ್ತಿರ ಬೆರಳು ಹಿಡಿದು ಎಷ್ಟು ಕಾದಿದೆ ನೋಡಿ.

ಹತ್ತುವುದಾದರೆ ಟೂರ್‌ನ ಕೊನೆಗೆ ಹತ್ತಿ. ನಾಲ್ಕು ದಿನ ತುಳಿದ ಕಾಲು ಮೊದಲ ದಿನದ ಕಾಲಲ್ಲ. ಆಗುಂಬೆಯಲ್ಲಿ 14 ತಿರುವು. ಸೋಮೇಶ್ವರದಿಂದ ಮೇಲಕ್ಕೆ ಸುಮಾರು 10 ಕಿ.ಮೀ. ಕಡಿದಾಗಿದೆ ನಿಜ, ಆದರೆ ಭಾರಿ ವಾಹನಗಳಿಗೆ ನಿರ್ಬಂಧ ಇರೋದರಿಂದ ನೆಮ್ಮದಿ. ಅಲ್ಲಲ್ಲಿ ಇಳಿದು ತಳ್ಳಿದರೆ ಯಾರೂ ಏನೂ ಅನ್ನುವುದಿಲ್ಲ. ಶಿರಾಡಿಯಲ್ಲಿ ಏರು ನಿಧಾನ, ಆದರೆ ಲಾರಿ, ಟ್ಯಾಂಕರ್ ಬಿಡುವೇ ಇಲ್ಲ. ಸೈಕಲ್‌ನವರಿಗೆ ನಾನು ಅದನ್ನು ಹೇಳುವುದಿಲ್ಲ.

ಎಕ್ಸ್‌ಪ್ರೆಸ್‌ವೇ, ಕಾಡು. ಎಲ್ಲೆಲ್ಲಿ ಸೈಕಲ್ ಬಿಡಲ್ಲ?

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಜೊತೆ ಸೈಕಲ್‌ಗೂ ಪ್ರವೇಶ ಇಲ್ಲ. ಸರ್ವಿಸ್ ರಸ್ತೆಯಲ್ಲಿ ಹೋಗಬಹುದು. ರಾಮನಗರ, ಚನ್ನಪಟ್ಟಣದ ಒಳಗಿನ ಹಳೇ ರಸ್ತೆ ಹೇಗೂ ಚೆಂದ.

ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧ ಇರೋದು ಎಲ್ಲರಿಗೂ ಗೊತ್ತು. ಹಗಲಲ್ಲೂ ಅಲ್ಲಿ ಸೈಕಲ್ ಬೇಡ. ಆನೆಗೆ ಸೈಕಲ್ ಬಂದ ಸದ್ದು ಕೇಳಿಸುವುದಿಲ್ಲ, ತಿರುವಿನಲ್ಲಿ ಇಬ್ಬರಿಗೂ ಒಟ್ಟಿಗೇ ಗಾಬರಿ. ಹುಲಿ ಸಂರಕ್ಷಿತ ಪ್ರದೇಶದ ರಸ್ತೆಗಳಲ್ಲಿ ಚೆಕ್‌ಪೋಸ್ಟ್‌ನಲ್ಲೇ ಜೀಪು, ಪಿಕಪ್ ಕೇಳಿ ಸೈಕಲ್ ಹಾಕಿಕೊಂಡು ದಾಟಿ.

## ಸಾಮಾನು, ಊಟ, ಉಳಿಯೋದು

ಪಂಚರ್ ಆದ್ರೆ ಹಳ್ಳಿಯಲ್ಲಿ ಹಾಕ್ತಾರಲ್ಲ, ಟ್ಯೂಬ್ ಯಾಕೆ ಒಯ್ಯಬೇಕು?

ಪಂಚರ್ ಹಾಕುತ್ತಾರೆ, ಚೆನ್ನಾಗಿಯೇ ಹಾಕುತ್ತಾರೆ. ಆದರೆ ನಿಮ್ಮ ಟ್ಯೂಬ್ ಅವರ ಹತ್ತಿರ ಇರುವುದಿಲ್ಲ. ಹಳ್ಳಿ ಅಂಗಡಿಯಲ್ಲಿ ಸಿಗುವ 28 ಇಂಚಿನ ಹಳೇ ಸೈಕಲ್ ಚಕ್ರದಲ್ಲಿ ಟೈರ್ ಕೂರುವ ಜಾಗದ ಅಡ್ಡಳತೆ 635 ಮಿ.ಮೀ. ನಿಮ್ಮ ‘700ಸಿ’ ಚಕ್ರ 622. ನೋಡೋಕೆ ಒಂದೇ ಥರ, ಟೈರ್ ಕೂರುವುದಿಲ್ಲ.

ವಾಲ್ವ್ ಇನ್ನೊಂದು ತಲೆನೋವು. ಊರ ಪಂಪು ಹಳೇ ಸೈಕಲ್ ವಾಲ್ವ್‌ಗೆ. ಪೆಟ್ರೋಲ್ ಬಂಕ್, ಟೈರ್ ಅಂಗಡಿಯ ಪೈಪು ಬೈಕು, ಕಾರಿನ ದಪ್ಪ ಶ್ರೇಡರ್ ವಾಲ್ವ್‌ಗೆ. ನಿಮ್ಮದು ಸಣ್ಣಗೆ ಉದ್ದಕ್ಕಿರುವ ಪ್ರೆಸ್ಟಾ ಆದರೆ ಎರಡೂ ಹಿಡಿಯುವುದಿಲ್ಲ. ಕಡಲೆಕಾಳಿನಷ್ಟು ದೊಡ್ಡ ಹಿತ್ತಾಳೆ ಅಡಾಪ್ಟರ್ ಒಂದು ಸಿಗುತ್ತೆ. ಎರಡು ತಗೊಳ್ಳಿ. ಒಂದನ್ನು ವಾಲ್ವ್‌ಗೇ ಹಾಕಿಡಿ, ಇನ್ನೊಂದು ಪರ್ಸಿನಲ್ಲಿ.

ಇದರ ಜೊತೆಗೆ ಎರಡು ಟ್ಯೂಬ್, ಪ್ಯಾಚ್, ಪಂಪು, 4, 5, 6 ಮಿ.ಮೀ. ಅಲೆನ್ ಕೀ, ಚೈನ್ ಜೋಡಿಸುವ ಕೊಂಡಿ, ಬ್ರೇಕ್ ಪ್ಯಾಡ್ ಒಂದು ಜೊತೆ, ನಿಮ್ಮ ಫ್ರೇಮಿಗೇ ಹೊಂದುವ ಡಿರೇಲರ್ ಹ್ಯಾಂಗರ್ (ಗೇರ್ ಬದಲಿಸುವ ಹಿಂದಿನ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ತುಂಡು). ಬೆರಳುದ್ದದ ಈ ಕೊನೆಯದು ಮುರಿದರೆ ಟೂರ್ ಅಲ್ಲಿಗೇ ಮುಗೀತು, ಅದು ದೊಡ್ಡ ಊರಲ್ಲೂ ಸಿಗುವ ನಂಬಿಕೆ ಇಲ್ಲ. ಬಟ್ಟೆ ಎರಡೇ ಜೊತೆ.

ಉಳಿಯೋಕೆ, ತಿನ್ನೋಕೆ ಏನು ವ್ಯವಸ್ಥೆ?

ತಾಲ್ಲೂಕು ಕೇಂದ್ರಗಳಲ್ಲೆಲ್ಲ ಬಸ್ ಸ್ಟ್ಯಾಂಡ್ ಹತ್ತಿರ ಲಾಡ್ಜ್ ಇರುತ್ತೆ. ಕೇಳಬೇಕಾದ ಮೊದಲ ಪ್ರಶ್ನೆ ಬಾಡಿಗೆ ಎಷ್ಟು ಅಂತ ಅಲ್ಲ, ‘ಸೈಕಲ್ ಒಳಗೆ ಇಡಬಹುದಾ?’ ಅಂತ. ನೆಲಮಾಳಿಗೆ, ಮೆಟ್ಟಿಲ ಕೆಳಗೆ ಎಲ್ಲಾದರೂ ಜಾಗ ಮಾಡಿಕೊಡುತ್ತಾರೆ. ದೇವಸ್ಥಾನದ ಊರುಗಳಲ್ಲಿ ಯಾತ್ರಿ ನಿವಾಸಗಳಿವೆ. ಧರ್ಮಸ್ಥಳ, ಶೃಂಗೇರಿ, ಹೊರನಾಡು, ಕೊಲ್ಲೂರಿನಲ್ಲಿ ಊಟದ ಚಿಂತೆಯೂ ಇಲ್ಲ.

ತಿನ್ನುವ ವಿಷಯದಲ್ಲಿ ಒಂದೇ ಮಾತು: ಹಸಿವಾಗುವ ಮುಂಚೆ ತಿನ್ನಿ. ಏಲಕ್ಕಿ ಬಾಳೆ, ಕಡ್ಲೆ ಮಿಠಾಯಿ ಹ್ಯಾಂಡಲ್ ಚೀಲದಲ್ಲಿ ಕೈಗೆ ಸಿಗುವ ಹಾಗಿರಲಿ. ಬಿಸಿಲಿನಲ್ಲಿ ಬರೀ ನೀರು ಸಾಲದು, ಉಪ್ಪೂ ಬೇಕು. ಓಆರ್‌ಎಸ್ ಪುಡಿ ಇರಲಿ. ಮಜ್ಜಿಗೆ ಸಿಕ್ಕಲ್ಲೆಲ್ಲ ಕುಡಿಯಿರಿ.

ಹುಡುಗಿ ಒಬ್ಬಳೇ ಹೋಗೋಕೆ ಮನೇಲಿ ಒಪ್ತಿಲ್ಲ. ನೀವು ಹೇಗೆ ಹೋದ್ರಿ?

ನಮ್ಮ ಮನೆಯಲ್ಲೂ ಒಪ್ಪಿರಲಿಲ್ಲ. ವಾದ ಮಾಡಿ ಗೆಲ್ಲಲಿಲ್ಲ. ಎಲ್ಲಿ ಉಳಿಯುತ್ತೇನೆ, ಆ ಲಾಡ್ಜಿನ ಫೋನ್ ನಂಬರ್ ಏನು, ಎಷ್ಟು ಹೊತ್ತಿಗೆ ಮುಟ್ಟುತ್ತೇನೆ ಅಂತ ಹಾಳೆಯಲ್ಲಿ ಬರೆದು ಅಮ್ಮನ ಫ್ರಿಜ್ ಮೇಲೆ ಅಂಟಿಸಿದೆ. ಮೂರನೇ ದಿನದ ಹೊತ್ತಿಗೆ ಅವರೇ ನಾಳೆ ಗಾಳಿ ಯಾವ ಕಡೆ ಅಂತ ಕೇಳೋಕೆ ಶುರು ಮಾಡಿದರು.

ಸಂಜೆ ನಾಲ್ಕಕ್ಕೆ ಊರು ಸೇರಿರಿ. ರೂಮ್ ಮೊದಲೇ ಫೋನ್ ಮಾಡಿ ಗೊತ್ತು ಮಾಡಿ. ಕೆಲವು ಯಾತ್ರಿ ನಿವಾಸಗಳಲ್ಲಿ ಒಬ್ಬರೇ ಬಂದರೆ ರೂಮ್ ಕೊಡುವುದಿಲ್ಲ, ಗಂಡಸಿಗೂ ಅಷ್ಟೇ. ಅಲ್ಲಿಗೆ ಹೋಗಿ ತಿಳಿಯುವುದಕ್ಕಿಂತ ಮೊದಲೇ ಕೇಳಿ. ಲೈವ್ ಲೊಕೇಶನ್ ಒಬ್ಬರಿಗೆ ಮಾತ್ರ, ನಂಬಿಕೆಯವರಿಗೆ ಕಳಿಸಿ. ‘ಒಬ್ಬಳೇ ಬಂದ್ಯಾ?’ ಅಂದವರಿಗೆಲ್ಲ ‘ಇನ್ನಿಬ್ಬರು ಹಿಂದೆ ಬರ್ತಿದ್ದಾರೆ’ ಅನ್ನೋದು ಸುಳ್ಳಾದರೂ ಹೇಳಿ. ತುರ್ತಿಗೆ 112. ಇಷ್ಟು ವರ್ಷದಲ್ಲಿ ನನಗೆ ಜಾಸ್ತಿ ಸಿಕ್ಕಿದ್ದು ಎಳನೀರು ಕೊಟ್ಟು ದುಡ್ಡು ಬೇಡ ಅಂದವರು.

## ರೈಲಿನಲ್ಲಿ ಸೈಕಲ್

ಲಗೇಜ್ ಅಂತಾರೆ, ಪಾರ್ಸೆಲ್ ಅಂತಾರೆ. ಎರಡೂ ಒಂದೇ ಅಲ್ವಾ?

ಅಲ್ಲ. ಲಗೇಜ್ ಅಂದರೆ ನಿಮ್ಮ ಟಿಕೆಟ್ ತೋರಿಸಿ, ನೀವು ಹೋಗುವ ರೈಲಿಗೇ ಸೈಕಲ್ ಬುಕ್ ಮಾಡುವುದು. ಅದು ನಿಮ್ಮ ಜೊತೆಗೇ ಬ್ರೇಕ್ ವ್ಯಾನ್‌ನಲ್ಲಿ, ಅಂದರೆ ಅದೇ ರೈಲಿನ ಸಾಮಾನು ಡಬ್ಬಿಯಲ್ಲಿ ಬರುತ್ತೆ. ಪಾರ್ಸೆಲ್‌ಗೆ ಟಿಕೆಟ್ ಬೇಡ. ಬೇರೆ ದಿನ, ಬೇರೆ ರೈಲಿನಲ್ಲಿ, ಜಾಗ ಸಿಕ್ಕಾಗ ಹೋಗುತ್ತೆ.

ಟೂರ್‌ಗೆ ಹೊರಟವರು ಕೌಂಟರಿನಲ್ಲಿ ಬಾಯಿಬಿಟ್ಟು ‘ಲಗೇಜ್’ ಅಂತಲೇ ಹೇಳಬೇಕು. ಸುಮ್ನೆ ‘ಸೈಕಲ್ ಕಳಿಸಬೇಕು’ ಅಂದರೆ ಪಾರ್ಸೆಲ್ ಅರ್ಜಿ ಕೊಟ್ಟುಬಿಡುತ್ತಾರೆ. ನೀವು ವಾರ ಮುಂಚೆಯೇ ಕಳಿಸಿ, ಅಲ್ಲಿ ಬಿಡಿಸಿಕೊಳ್ಳುವವರು ಯಾರಾದರೂ ಇದ್ದರೆ ಮಾತ್ರ ಪಾರ್ಸೆಲ್ ಒಳ್ಳೇದು.

ಬೋಗಿಯೊಳಗೇ ನನ್ನ ಜೊತೆ ಇಟ್ಕೊಂಡು ಹೋಗಬಹುದಾ?

ಪೂರ್ತಿ ಸೈಕಲ್ ಆಗುವುದಿಲ್ಲ. ಬೋಗಿಯೊಳಗೆ ಒಯ್ಯುವ ಪೆಟ್ಟಿಗೆಗೆ 100 x 60 x 25 ಸೆಂ.ಮೀ. ಅಳತೆಯ ಮಿತಿ ಇದೆ. ಸಣ್ಣ ಚಕ್ರದ ಮಡಚುವ ಸೈಕಲ್ಲನ್ನು ಚೀಲಕ್ಕೆ ಹಾಕಿದರೆ ಇದರ ಹತ್ತಿರ ಬರುತ್ತೆ, ಸೀಟಿನ ಕೆಳಗೆ ಕೂರುತ್ತೆ. 700ಸಿ ಸೈಕಲ್ಲಿನ ಎರಡೂ ಚಕ್ರ ಬಿಚ್ಚಿ ಚೀಲಕ್ಕೆ ಹಾಕಿ ಒಯ್ದವರಿದ್ದಾರೆ. ಟಿಟಿಇ ಬೇಡ ಅಂದರೆ ದಂಡ ಕಟ್ಟಬೇಕು, ಬಾಗಿಲ ಹತ್ತಿರ ಇಟ್ಟರೆ ಎಲ್ಲರಿಗೂ ತೊಂದರೆ. ನಾನು ಮಾಡುವುದಿಲ್ಲ.

ಲಗೇಜ್ ಬುಕ್ ಮಾಡೋ ದಿನ ಏನೇನಾಗುತ್ತೆ? ಮೊದಲಿಂದ ಹೇಳಿ.

ಎರಡು ದಿನ ಮುಂಚೆ ಒಮ್ಮೆ ಪಾರ್ಸೆಲ್ ಆಫೀಸಿಗೆ ಹೋಗಿ ಬನ್ನಿ. ಮೂರು ವಿಷಯ ಕೇಳಿ. ಈ ರೈಲಿನ ಬ್ರೇಕ್ ವ್ಯಾನ್‌ನಲ್ಲಿ ಲಗೇಜ್ ತಗೊಳ್ತೀರಾ? ನಾನು ಇಳಿಯುವ ನಿಲ್ದಾಣದಲ್ಲಿ ಇಳಿಸುತ್ತಾರಾ? ಎಷ್ಟು ಹೊತ್ತಿಗೆ ತರಬೇಕು? ಮೊದಲ ಪ್ರಶ್ನೆ ಯಾಕೆ ಅಂದರೆ ಬ್ರೇಕ್ ವ್ಯಾನ್‌ನ ಒಂದು ಭಾಗವನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿರುತ್ತಾರೆ. ಉಳಿದ ಜಾಗ ಕಡಿಮೆ. ವಂದೇ ಭಾರತ್‌ನಂಥ ರೈಲಿನಲ್ಲಿ ಬ್ರೇಕ್ ವ್ಯಾನೇ ಇಲ್ಲ.

ನಿಯಮದಲ್ಲಿ ರೈಲು ಹೊರಡುವ ಅರ್ಧ ಗಂಟೆ ಮುಂಚೆ ತರಬೇಕು ಅಂತಿದೆ. ಅದನ್ನು ನಂಬಿ ಹೋಗಬೇಡಿ, ಮೂರು ಗಂಟೆ ಮುಂಚೆ ಹೋಗಿ. ಟಿಕೆಟ್ ನಕಲು ಎರಡು, ಆಧಾರ್ ನಕಲು ಎರಡು, ಸೈಕಲ್ ಬಿಲ್ಲಿನ ನಕಲು ಒಂದು. ಬಿಲ್ ಇಲ್ಲದಿದ್ದರೆ ಫ್ರೇಮ್ ನಂಬರಿನ ಫೋಟೋ ಇರಲಿ. ಗುಮಾಸ್ತರು ತೂಕ ನೋಡಿ ರಸೀದಿ ಬರೆಯುತ್ತಾರೆ. ರಸೀದಿಯಲ್ಲಿ ರೈಲಿನ ನಂಬರ್, ಇಳಿಯುವ ನಿಲ್ದಾಣ ಸರಿ ಇದೆಯಾ ಅಂತ ಅಲ್ಲೇ ನಿಂತು ಓದಿ. ಆಮೇಲೆ ಪೊಟ್ಟಣದ ಮೇಲೆ ಮಾರ್ಕರಿನಲ್ಲಿ ನಂಬರ್ ಬರೆಯುತ್ತಾರೆ. ಆ ಬರಹದ ಫೋಟೋ ತೆಗೆದುಕೊಳ್ಳಿ.

ಇನ್ನು ಒಂದು ಕೆಲಸ ಬಾಕಿ. ಬುಕ್ ಆದ ಸೈಕಲ್ ತಾನಾಗಿ ರೈಲು ಹತ್ತುವುದಿಲ್ಲ. ರೈಲು ಬಂದಾಗ ನೀವು ಬ್ರೇಕ್ ವ್ಯಾನ್ ಹತ್ತಿರ ನಿಂತಿರಬೇಕು. ಹಮಾಲರ ಜೊತೆ ಮೊದಲೇ ನಾಲ್ಕು ಮಾತಾಡಿರಿ. ಅದು ಒಳಗೆ ಹೋಗಿ, ಒರಗಿ ನಿಂತದ್ದನ್ನು ಕಣ್ಣಾರೆ ನೋಡಿದ ಮೇಲೆ ನಿಮ್ಮ ಬೋಗಿಗೆ ಹೋಗಿ. ಬ್ರೇಕ್ ವ್ಯಾನ್ ರೈಲಿನ ತುದಿಯಲ್ಲಿರುತ್ತೆ, ನಿಮ್ಮ ಬೋಗಿ ಎಲ್ಲೋ ನಡುವೆ. ಟಿಕೆಟ್ ಮಾಡುವಾಗಲೇ ಇದು ನೆನಪಿರಲಿ.

ಪ್ಯಾಕ್ ಹೇಗೆ ಮಾಡೋದು? ರಟ್ಟಿನ ಡಬ್ಬ ಬೇಕೇ ಬೇಕಾ?

ಪಾರ್ಸೆಲ್‌ಗೆ ಡಬ್ಬ ಬೇಕು. ಸೈಕಲ್ ಅಂಗಡಿಯಲ್ಲಿ ಕೇಳಿದರೆ ಖಾಲಿ ಡಬ್ಬ ಕೊಡುತ್ತಾರೆ. ಲಗೇಜ್‌ಗೆ ನಾನು ಡಬ್ಬ ಹಾಕುವುದಿಲ್ಲ. ಡಬ್ಬ ಕಂಡರೆ ಅದರ ಮೇಲೆ ಇನ್ನೊಂದು ಮೂಟೆ ಇಡುತ್ತಾರೆ. ಸೈಕಲ್ ಸೈಕಲ್ ಥರಾನೇ ಕಂಡರೆ, ಚಕ್ರ ಉರುಳಿದರೆ, ತಳ್ಳಿಕೊಂಡು ಹೋಗಿ ಗೋಡೆಗೆ ಒರಗಿಸುತ್ತಾರೆ.

ಪೆಡಲ್ ಬಿಚ್ಚಿ. ಬಲಗಡೆಯದು ಮಾಮೂಲಿ ಥರ ಬಿಚ್ಚುತ್ತೆ, ಎಡಗಡೆಯದು ಉಲ್ಟಾ. ಎಡ ಪೆಡಲ್ ಎದುರು ನಿಂತು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಇದು ಗೊತ್ತಿಲ್ಲದೆ ಬಲ ಹಾಕಿ ಇನ್ನಷ್ಟು ಬಿಗಿ ಮಾಡಿಟ್ಟವರು ಬಹಳ ಜನ. ಹ್ಯಾಂಡಲ್ ಅಡ್ಡ ತಿರುಗಿಸಿ ಫ್ರೇಮಿಗೆ ಸಮ ಮಾಡಿ. ಸೀಟು ಇಳಿಸುವ ಮೊದಲು ಅದರ ಕಂಬಕ್ಕೆ ಒಂದು ಸುತ್ತು ಕರೆಂಟ್ ಟೇಪ್ ಹಚ್ಚಿ. ಅಲ್ಲಿ ಹೋಗಿ ಅದೇ ಎತ್ತರಕ್ಕೆ ಏರಿಸಿದರಾಯಿತು.

ಹಿಂದಿನ ಡಿರೇಲರ್‌ಗೇ ಎಲ್ಲಕ್ಕಿಂತ ಜಾಸ್ತಿ ಪೆಟ್ಟು. 5 ಮಿ.ಮೀ. ಅಲೆನ್ ಕೀಯಿಂದ ಅದನ್ನು ಹ್ಯಾಂಗರ್‌ನಿಂದ ಬಿಡಿಸಿ, ಚೈನ್ ಸಮೇತ ಒಂದು ಹಳೇ ಕಾಲುಚೀಲದೊಳಗೆ ತೂರಿಸಿ, ಹಿಂದಿನ ಚಕ್ರದ ಪಕ್ಕ ಫ್ರೇಮಿನ ಒಳಮಗ್ಗುಲಿಗೆ ಕಟ್ಟಿ. ಫ್ರೇಮಿಗೆ ಎಸಿ ಪೈಪಿಗೆ ಹಾಕುವ ಕಪ್ಪು ಫೋಮ್ ಸೀಳಿ ತೊಡಿಸಿ. ಅದರ ಮೇಲೆ ಗೋಣಿಚೀಲ ಸುತ್ತಿ, ದಬ್ಬಣದಲ್ಲಿ ನಾಲ್ಕು ಹೊಲಿಗೆ. ಟೈರಿನ ಗಾಳಿ ಪೂರ್ತಿ ತೆಗೆಯಬೇಡಿ. ಗಾಳಿ ಇಲ್ಲದಿದ್ದರೆ ಪೆಟ್ಟು ನೇರ ರಿಮ್‌ಗೆ. ಡಿಸ್ಕ್ ಬ್ರೇಕಿನ ಸೈಕಲ್ಲಿನಲ್ಲಿ ಚಕ್ರ ತೆಗೆದರೆ ಪ್ಯಾಡ್‌ಗಳ ನಡುವೆ ಮಡಚಿದ ರಟ್ಟು ಇಡಿ, ಇಲ್ಲದಿದ್ದರೆ ಯಾರೋ ಲಿವರ್ ಒತ್ತಿ ಎರಡೂ ಅಂಟಿಕೊಳ್ಳುತ್ತವೆ. ಲೈಟು, ಪಂಪು, ನೀರಿನ ಬಾಟಲಿ, ಸೀಟಿನ ಕೆಳಗಿನ ಚೀಲ, ಬಿಚ್ಚಿದ ಪೆಡಲ್ ಎಲ್ಲ ನಿಮ್ಮ ಜೊತೆ ಬೋಗಿಗೆ.

ಲೇಬಲ್ ಎರಡು. ಬಿಳಿ ಬಟ್ಟೆಯ ತುಂಡಿನ ಮೇಲೆ ಹೆಸರು, ಫೋನ್, ಹೊರಟ ನಿಲ್ದಾಣ, ಮುಟ್ಟುವ ನಿಲ್ದಾಣ, ರೈಲು ನಂಬರ್ ಬರೆದು ಹೊಲಿಯಿರಿ. ಕಾಗದ ಹರಿದುಹೋಗುತ್ತೆ.

ದುಡ್ಡು ಎಷ್ಟಾಗುತ್ತೆ? ಸ್ಲೀಪರ್‌ಗೆ 40 ಕಿಲೋ ಫ್ರೀ ಅಂತಾರಲ್ಲ?

ಆ 40 ಕಿಲೋಗೆ ಸೈಕಲ್ ಸೇರುವುದಿಲ್ಲ. ಸೈಕಲ್, ಸ್ಕೂಟರ್‌ಗೆ ಉಚಿತ ತೂಕದ ರಿಯಾಯಿತಿ ಇಲ್ಲ, ಇದರ ಬಗ್ಗೆ ಕೌಂಟರಿನಲ್ಲಿ ಜಗಳ ಬೇಡ. ದರ ದೂರ, ತೂಕ ಮತ್ತು ರೈಲಿನ ದರ್ಜೆ ನೋಡಿಕೊಂಡು ಬದಲಾಗುತ್ತೆ. ಹಮಾಲಿಯನ್ನು ಬೇರೆಯಾಗಿ ಲೆಕ್ಕ ಹಾಕಿಕೊಳ್ಳಿ, ಎರಡೂ ತುದಿಯಲ್ಲಿ. ಮುಟ್ಟಿದ ಮೇಲೆ ಬೇಗ ಬಿಡಿಸಿಕೊಳ್ಳಿ. ಉಚಿತ ಅವಧಿ ದಾಟಿದರೆ ಗಂಟೆ ಲೆಕ್ಕದಲ್ಲಿ ವಾರ್ಫೇಜ್, ಅಂದರೆ ಸಾಮಾನು ಅಲ್ಲೇ ಬಿಟ್ಟದ್ದರ ಶುಲ್ಕ ಏರುತ್ತೆ.

ನಾನು ಇಳಿಯೋ ಕಡೆ ರೈಲು ಎರಡೇ ನಿಮಿಷ ನಿಲ್ಲುತ್ತೆ. ಸೈಕಲ್ ಇಳಿಸ್ತಾರಾ?

ಈ ಪ್ರಶ್ನೆಗೆ ನಾನು ಒಂದು ಪೂರ್ತಿ ದಿನ ತೆತ್ತಿದ್ದೇನೆ. ಕರಾವಳಿಯ ಒಂದು ಸಣ್ಣ ನಿಲ್ದಾಣಕ್ಕೆ ಬುಕ್ ಮಾಡಿಸಿದ್ದೆ, ರಸೀದಿಯೂ ಕೊಟ್ಟಿದ್ದರು. ಬೆಳಗಿನ ಜಾವ ಇಳಿದು, ಬೆನ್ನ ಮೇಲೆ ಎರಡು ಚೀಲ ಹೊತ್ತು ಬ್ರೇಕ್ ವ್ಯಾನ್ ಕಡೆ ಓಡಿದೆ. ವ್ಯಾನ್ ಪ್ಲಾಟ್‌ಫಾರಂ ಮುಗಿದು ಇನ್ನೂ ಆಚೆ ನಿಂತಿತ್ತು. ಬಾಗಿಲು ಮುಚ್ಚಿತ್ತು. ಕೈಯಿಂದ ಬಾಗಿಲು ಬಡಿಯುವಾಗಲೇ ರೈಲು ಹೊರಟಿತು. ಜಲ್ಲಿ ಮೇಲೆ ನಿಂತು ನನ್ನ ಸೈಕಲ್ ಹೋಗುವುದನ್ನು ನೋಡಿದೆ. ಮುಂದಿನ ದೊಡ್ಡ ನಿಲ್ದಾಣದಲ್ಲಿ ಇಳಿಸಿದರು, ಮರುದಿನ ಬಂತು. ಅಷ್ಟು ಹೊತ್ತು ಹೆಲ್ಮೆಟ್ ಪಕ್ಕದಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದೆ.

ಅವತ್ತಿನಿಂದ ರೈಲು ಕೊನೆಯಾಗುವ ಊರಿಗೆ, ಇಲ್ಲಾ ಕನಿಷ್ಠ ಐದು ನಿಮಿಷ ನಿಲ್ಲುವ, ಪಾರ್ಸೆಲ್ ಆಫೀಸು ಇರುವ ಊರಿಗೆ ಮಾತ್ರ ಬುಕ್ ಮಾಡುತ್ತೇನೆ. ಟೂರ್ ಶುರುವಾಗುವ ಊರನ್ನು ನಕ್ಷೆ ನೋಡಿ ಆರಿಸಬೇಡಿ, ರೈಲಿನ ವೇಳಾಪಟ್ಟಿ ನೋಡಿ ಆರಿಸಿ. ಗೋಕರ್ಣಕ್ಕೆ ಹೋಗುವವರು ಗೋಕರ್ಣ ರೋಡಿಗಿಂತ ಕಾರವಾರಕ್ಕೆ ಬುಕ್ ಮಾಡಿ. ಅರ್ಧ ದಿನದ ಒಳ್ಳೇ ದಾರಿ ಜೊತೆಗೆ ಸಿಕ್ಕಿತು ಅಂದುಕೊಳ್ಳಿ.

ಸೈಕಲ್ ಬರಲೇ ಇಲ್ಲ, ಅಥವಾ ಮುರಿದು ಬಂತು ಅಂದ್ರೆ?

ಬರದಿದ್ದರೆ ನಿಲ್ದಾಣ ಬಿಟ್ಟು ಹೋಗುವ ಮೊದಲು ಪಾರ್ಸೆಲ್ ಆಫೀಸಿನಲ್ಲಿ ರಸೀದಿ ತೋರಿಸಿ ಬರೆಸಿ. ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ, ರೈಲ್ ಮದದ್ ಆ್ಯಪ್‌ನಲ್ಲೂ ದೂರು ಹಾಕಿ. ಪೆಟ್ಟಾಗಿದ್ದರೆ ಬಿಡಿಸಿಕೊಳ್ಳುವ ಮೊದಲೇ ಅಲ್ಲೇ ಗೋಣಿ ಬಿಚ್ಚಿ ಫೋಟೋ ತೆಗೆದು, ಏನೇನು ಹಾಳಾಗಿದೆ ಅಂತ ಅವರ ಕೈಲೇ ಬರೆಸಿಕೊಳ್ಳಿ. ಸಹಿ ಮಾಡಿ ಮನೆಗೆ ತಂದ ಮೇಲೆ ಹೇಳಿದರೆ ನಡೆಯುವುದಿಲ್ಲ.

ಪರಿಹಾರದ ಲೆಕ್ಕ ತಿಳಿದಿರಲಿ. ಬುಕ್ ಮಾಡುವಾಗ ಬೆಲೆ ಘೋಷಿಸದಿದ್ದರೆ ಲಗೇಜ್‌ಗೆ ಕಿಲೋಗೆ 100 ರೂಪಾಯಿ, ಪಾರ್ಸೆಲ್‌ಗೆ 50 ರೂಪಾಯಿ, ಅಷ್ಟೇ ರೈಲ್ವೆಯ ಹೊಣೆ. 15 ಕಿಲೋ ಸೈಕಲ್‌ಗೆ 1,500. ಬೆಲೆಬಾಳುವ ಸೈಕಲ್ ಆದರೆ ಬೆಲೆ ಬರೆಸಿ, ಅದರ ಮೇಲಿನ ಶುಲ್ಕ ಕಟ್ಟಿ.

## ಇನ್ನೂ ಮುಂದೆ ಹೋಗುವವರಿಗೆ

ನಾವು ಐದು ಜನ. ಎಲ್ಲಾ ಸೈಕಲ್ ಒಂದೇ ರೈಲಲ್ಲಿ ಹೋಗುತ್ತಾ?

ಮೂರರವರೆಗೆ ಸಾಮಾನ್ಯವಾಗಿ ತೊಂದರೆ ಬಂದಿಲ್ಲ. ಐದು ಅಂದರೆ ಹೊರಡುವ ವಾರ ಮುಂಚೆಯೇ ಪಾರ್ಸೆಲ್ ಮೇಲ್ವಿಚಾರಕರನ್ನು ಕಂಡು ಮಾತಾಡಿ. ರೈಲು ಹೊರಡುವ ಊರಿನಿಂದಲೇ ಹತ್ತಿಸಿ, ನಡುವೆ ಬೇಡ. ಒಬ್ಬೊಬ್ಬರ ಸೈಕಲ್‌ಗೂ ಬೇರೆ ರಸೀದಿ ಮಾಡಿಸಿ. ಒಂದೇ ರಸೀದಿ ಆದರೆ ಅದನ್ನು ಇಟ್ಟುಕೊಂಡವನು ಬರುವ ತನಕ ಎಲ್ಲರೂ ಕಾಯಬೇಕು.

ಬಸ್ಸಿನಲ್ಲಿ ಹಾಕಬಹುದಾ?

ಸ್ಲೀಪರ್ ಬಸ್ಸುಗಳ ಡಿಕ್ಕಿಯಲ್ಲಿ ಮುಂದಿನ ಚಕ್ರ ಬಿಚ್ಚಿದರೆ ಹಿಡಿಯುತ್ತೆ. ಟಿಕೆಟ್ ಮಾಡುವ ಮೊದಲು ಏಜೆಂಟನ್ನಲ್ಲ, ಆ ಬಸ್ಸಿನ ಡ್ರೈವರನ್ನು ಕೇಳಿ. ಚೈನ್ ಇರುವ ಬಲಮಗ್ಗುಲು ಮೇಲೆ ಬರುವಂತೆ ಮಲಗಿಸಿ.

ಜರ್ಮನಿಯಲ್ಲಿದ್ದೀನಿ. ಇಲ್ಲಿ ಸೈಕಲ್ ತಳ್ಕೊಂಡೇ ರೈಲು ಹತ್ತುತ್ತೀವಿ. ಊರಿಗೆ ಬಂದಾಗ ಆ ಥರ ಏನೂ ಇಲ್ವಾ?

ದೂರದ ರೈಲುಗಳಲ್ಲಿ ಇಲ್ಲ. ಅಲ್ಲಿನ ಪ್ರಾದೇಶಿಕ ರೈಲುಗಳಲ್ಲಿರುವ ಹಾಗೆ ಸೈಕಲ್ ಚಿತ್ರ ಬರೆದ ಬಾಗಿಲು ನಮ್ಮಲ್ಲಿ ಇನ್ನೂ ಬಂದಿಲ್ಲ. ಕೊಚ್ಚಿ ಮೆಟ್ರೋದಲ್ಲಿ ಮಾಮೂಲಿ ಸೈಕಲ್ಲನ್ನೇ ಬಿಡುತ್ತಾರೆ, ನಮ್ಮ ಮೆಟ್ರೋದಲ್ಲಿ ಮಡಚುವ ಸೈಕಲ್‌ಗೆ ಅವಕಾಶ ಇದೆ. ದೂರದ ರೈಲಿನ ಒಂದೊಂದು ಬ್ರೇಕ್ ವ್ಯಾನ್‌ನಲ್ಲಿ ನಾಲ್ಕು ಕೊಕ್ಕೆ ಹಾಕಿ ಮುಂಗಡ ಬುಕಿಂಗ್ ಕೊಟ್ಟರೂ ನಮಗೆ ಸಾಕು. ಪ್ರತಿ ಟೂರ್ ಆದ ಮೇಲೂ ನಾನು ರೈಲ್ವೆಗೆ ಈ ಬಗ್ಗೆ ಒಂದು ಪತ್ರ ಬರೆಯುತ್ತೇನೆ. ನೀವೂ ಬರೆಯಿರಿ.

ಕಾಶ್ಮೀರದಿಂದ ಕನ್ಯಾಕುಮಾರಿಗೆ ಹೋಗ್ಬೇಕು. ಹೇಗೆ ಶುರು ಮಾಡಲಿ?

ಸುಮಾರು 3,700 ಕಿ.ಮೀ. ದಿನಕ್ಕೆ 80 ಅಂದರೂ 46 ದಿನ ತುಳಿಯಬೇಕು, ವಿಶ್ರಾಂತಿ ಬೇರೆ. ಶ್ರೀನಗರಕ್ಕೆ 2025ರ ಜೂನ್‌ನಿಂದ ವಂದೇ ಭಾರತ್ ಓಡುತ್ತಿದೆ, ಆದರೆ ಅದರಲ್ಲಿ ಸೈಕಲ್ ಹೋಗುವುದಿಲ್ಲ. ಲಗೇಜ್ ಜಮ್ಮು ತಾವಿಗೆ ಬುಕ್ ಮಾಡಿ, ಮುಂದಕ್ಕೆ ಜೀಪು ಹಿಡಿಯಿರಿ. ಸೆಪ್ಟೆಂಬರ್ ಕೊನೆಗೆ ಹೊರಟರೆ ಮೇಲೆ ಹಿಮ ಬೀಳುವ ಮೊದಲು ಕೆಳಗಿಳಿದಿರುತ್ತೀರಿ. ನವೆಂಬರ್‌ನ ಚಳಿಯಲ್ಲಿ ದಕ್ಷಿಣ ಸೇರುತ್ತೀರಿ.

44ನೇ ರಾಷ್ಟ್ರೀಯ ಹೆದ್ದಾರಿ ಹೈದರಾಬಾದ್, ಕರ್ನೂಲು, ಅನಂತಪುರ ದಾಟಿ ಬಾಗೇಪಲ್ಲಿ, ಚಿಕ್ಕಬಳ್ಳಾಪುರ, ದೇವನಹಳ್ಳಿ ಮೇಲೆ ಹೆಬ್ಬಾಳಕ್ಕೇ ಬರುತ್ತೆ. ಹಾಗಾಗಿ ಬೆಂಗಳೂರಿನವರಿಗೆ ನನ್ನ ಸಲಹೆ, ಎರಡು ಭಾಗ ಮಾಡಿ. ಒಂದು ವರ್ಷ ಜಮ್ಮುವಿನಿಂದ ಮನೆಗೆ. ಇನ್ನೊಂದು ವರ್ಷ ಸೈಕಲ್ಲನ್ನು ರೈಲಿನಲ್ಲಿ ಕನ್ಯಾಕುಮಾರಿಗೆ ಒಯ್ದು ಮಧುರೆ, ಸೇಲಂ, ಹೊಸೂರು ದಾಟಿ ಮನೆಗೆ. ಕನ್ಯಾಕುಮಾರಿ ರೈಲು ಮುಗಿಯುವ ಊರು. ಸೈಕಲ್ ಇಳಿಸಲು ಬೇಕಾದಷ್ಟು ಹೊತ್ತು ಸಿಗುತ್ತೆ.